ಅಪ್ಪ ಊರಿಗೆ ಹೋಗಿಲ್ಲ

ಹೋದ ವರ್ಷ ನಮ್ಮ ಬೀದಿಯಲ್ಲಿ ಒಂದು ಸಾವಾಯಿತು. ನಲವತ್ತು ದಾಟದ ಗಂಡಸು. ರಾತ್ರಿ ಎದೆನೋವು ಎಂದವರು ಬೆಳಗಿನ ಹೊತ್ತಿಗೆ ಇಲ್ಲ. ನಾನು ಹೋದಾಗ ನಡುಮನೆಯಲ್ಲಿ ಹೆಣ ಮಲಗಿಸಿದ್ದರು. ಹೆಂಡತಿಯನ್ನು ಮೂರು ನಾಲ್ಕು ಜನ ಹಿಡಿದುಕೊಂಡಿದ್ದರು. ಆರು ವರ್ಷದ ಮಗಳು ಮಾತ್ರ ಎಲ್ಲೂ ಕಾಣಲಿಲ್ಲ. "ಮಗು ಎಲ್ಲಿ?" ಎಂದೆ. "ಎದುರು ಮನೇಲಿ ಕೂರಿಸಿದೀವಿ ಟೀಚರ್. ಅಪ್ಪ ಊರಿಗೆ ಹೋಗಿದಾರೆ ಅಂತ ಹೇಳಿದೀವಿ. ನೀವೂ ಹಾಗೇ ಹೇಳಿ" ಎಂದು ಯಾರೋ ಕಿವಿಯಲ್ಲಿ ಉಸುರಿದರು. ಎದುರು ಮನೆಗೆ ಹೋದೆ. ಮಗು ಯಾರದೋ ಮೊಬೈಲು ಹಿಡಿದು ಕೂತಿತ್ತು. ನನ್ನನ್ನು ಕಂಡದ್ದೇ ಕೇಳಿತು: "ಮಿಸ್, ಅಪ್ಪ ಊರಿಗೆ ಹೋಗಿದ್ರೆ ಅಮ್ಮ ಯಾಕೆ ಅಷ್ಟು ಜೋರಾಗಿ ಅಳ್ತಿದಾರೆ?"

ಓದುತ್ತಿರುವ ತಾಯಂದಿರೇ, ಈ ಪ್ರಶ್ನೆಗೆ ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಮೂವತ್ತು ವರ್ಷದಿಂದ ತರೀಕೆರೆಯ ಸುತ್ತಮುತ್ತಲ ಶಾಲೆಗಳಲ್ಲಿ ಪಾಠ ಹೇಳಿಕೊಂಡು ಬಂದವಳು ನಾನು. ನಮ್ಮ ಊರಿನ ಹೆಸರು ಕೇಳಿದರೆ ರಾಜ್ಯದ ಮಕ್ಕಳೆಲ್ಲ ಕೆರೆ ಏರಿಯ ಮೇಲಿನ ಕರಿ ಕುರಿಮರಿಗಳನ್ನು ನೆನೆಸಿಕೊಂಡು ನಾಲಿಗೆ ತೊಡರಿಸಿಕೊಳ್ಳುತ್ತಾರೆ. ದೊಡ್ಡವರಾದ ನಮ್ಮ ನಾಲಿಗೆ ತೊಡರುವುದು ಬೇರೊಂದು ಮಾತಿಗೆ. 'ಸತ್ತರು' ಎಂಬ ಮೂರಕ್ಷರಕ್ಕೆ. ಮಕ್ಕಳ ಎದುರಿಗೆ ನಾವು ಏನು ಬೇಕಾದರೂ ಹೇಳುತ್ತೇವೆ, ಅದೊಂದನ್ನು ಬಿಟ್ಟು. ಊರಿಗೆ ಹೋದರು. ದೇವರು ಕರೆದುಕೊಂಡ. ಮಲಗಿದ್ದಾರೆ, ಎಬ್ಬಿಸಬೇಡ. ಆಕಾಶದಲ್ಲಿ ನಕ್ಷತ್ರವಾಗಿದ್ದಾರೆ.

ಊರಿಗೆ ಹೋದವರು ತಿರುಗಿ ಬರಬೇಕಲ್ಲವೇ? ಬಾರದಿದ್ದರೆ ಮಗು ಏನೆಂದುಕೊಳ್ಳಬೇಕು? 'ನನ್ನ ಮೇಲೆ ಪ್ರೀತಿ ಇಲ್ಲ, ಅದಕ್ಕೇ ಬರಲಿಲ್ಲ' ಎಂದುಕೊಳ್ಳುತ್ತದೆ. 'ಮಲಗಿದ್ದಾರೆ' ಎಂದು ಕೇಳಿದ ಮಗು ಅಂದಿನಿಂದ ರಾತ್ರಿ ಕಣ್ಣು ಮುಚ್ಚಲು ಹೆದರುತ್ತದೆ. ಅಮ್ಮ ಮಧ್ಯಾಹ್ನ ಒಂದು ಗಳಿಗೆ ಒರಗಿದರೂ ಅಲುಗಿಸಿ ಅಲುಗಿಸಿ ಎಬ್ಬಿಸುತ್ತದೆ. 'ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ' ಎಂದರೆ, ಇನ್ನು ಒಳ್ಳೆಯವಳಾಗಿರುವುದೇ ಅಪಾಯವೆಂದು ತಿಳಿಯುತ್ತದೆ. ಮಕ್ಕಳು ನಮ್ಮ ಹಾಗೆ ಮಾತಿನ ಹಿಂದಿನ ಮಾತು ಹುಡುಕುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುತ್ತವೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. 1978ರಲ್ಲಿ ನನಗೆ ಏಳು ವರ್ಷ. ಅಮ್ಮ ಎರಡನೆಯ ಬಸಿರು. ಹೆರಿಗೆಗೆಂದು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಎರಡು ದಿನದ ಮೇಲೆ ಬೆಳಗ್ಗೆ ನನ್ನನ್ನು ಎಬ್ಬಿಸಿ, ತಲೆಯನ್ನೂ ಬಾಚದೆ ಹಿಂದಿನ ಮನೆಗೆ ಕಳಿಸಿದರು. ಆ ಮನೆಯ ಹುಡುಗಿ ದಿನವಿಡೀ ನನ್ನ ಜತೆ ಚೌಕಾಬಾರ ಆಡಿದಳು. ಯಾವತ್ತೂ ಸೋಲದವಳು ಅವತ್ತು ಬೇಕೆಂದೇ ಸೋಲುತ್ತಿದ್ದಳು. ನನಗೆ ಅನುಮಾನ ಬಂದದ್ದು ಅಲ್ಲಿಯೇ. ಸಂಜೆ ಮನೆಗೆ ಬಂದರೆ ನೆಲವೆಲ್ಲ ತೊಳೆದಿತ್ತು. ಅಮ್ಮನ ಸೀರೆಗಳು ಗಳುವಿನ ಮೇಲೆ ಇರಲಿಲ್ಲ. ಅಜ್ಜಿ ಹೇಳಿದಳು: "ಅಮ್ಮ ಶಿವಮೊಗ್ಗದಲ್ಲೇ ಇದಾಳೆ. ತಮ್ಮನ್ನ ಕರ್ಕೊಂಡು ಬರ್ತಾಳೆ."

ನಾನು ನಂಬಿದೆ. ಶಾಲೆ ಬಿಟ್ಟ ಮೇಲೆ ಶಿವಮೊಗ್ಗದ ಕಡೆಯಿಂದ ರೈಲು ಬರುವ ಹೊತ್ತಿಗೆ ನಿಲ್ದಾಣದ ಕಟಕಟೆ ಹಿಡಿದು ನಿಲ್ಲುತ್ತಿದ್ದೆ. ಎಷ್ಟು ದಿನ ನಿಂತೆನೋ ಲೆಕ್ಕವಿಲ್ಲ. ಇಳಿಯುವ ಹೆಂಗಸರ ಕಂಕುಳಲ್ಲಿ ಕೂಸಿದೆಯೇ ಎಂದು ನೋಡುತ್ತಿದ್ದೆ. ಬರಬರುತ್ತಾ ಅಮ್ಮನ ಮೇಲೆ ಸಿಟ್ಟು ಬಂತು. ತಮ್ಮ ಬಂದ ಮೇಲೆ ನಾನು ಬೇಡವಾದೆ, ಅದಕ್ಕೇ ಅಲ್ಲೇ ಉಳಿದಳು ಎಂದುಕೊಂಡೆ. ಕೊನೆಗೆ ನಿಜ ತಿಳಿದದ್ದು ಕುಂಟಾಬಿಲ್ಲೆಯ ಜಗಳದಲ್ಲಿ. ಗೆಳತಿಯೊಬ್ಬಳು, "ಹೋಗೇ, ನಿಂಗೆ ಅಮ್ಮನೇ ಇಲ್ಲ, ಸತ್ತೋಗಿದಾಳೆ" ಎಂದಳು. ಇಡೀ ಊರಿಗೆ ಗೊತ್ತಿದ್ದ ಸಂಗತಿ ನನಗೊಬ್ಬಳಿಗೆ ಗೊತ್ತಿರಲಿಲ್ಲ. ಅಮ್ಮ ಸತ್ತದ್ದಕ್ಕಿಂತ ಆ ಅವಮಾನಕ್ಕೆ ಹೆಚ್ಚು ಅತ್ತೆ ಎಂದರೆ ನೀವು ನಂಬುತ್ತೀರೋ ಇಲ್ಲವೋ. ಅಮ್ಮನಿಗಾಗಿ ಅಳಲು ನನಗೆ ಇನ್ನೂ ಬಹಳ ವರ್ಷ ಬೇಕಾಯಿತು.

ನನ್ನ ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ಒಂದು ದಿನ ಅಜ್ಜಿಯನ್ನು ಕೇಳಿದೆ, "ಯಾಕಜ್ಜಿ ಹಾಗೆ ಸುಳ್ಳು ಹೇಳಿದೆ?" ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ಹೇಳಿದ್ರೆ ನೀನು ಅಳ್ತಿದ್ದೆ. ನೀನು ಅತ್ರೆ ನಾನು ತಡ್ಕೊಳ್ತಿರ್ಲಿಲ್ಲ ಕಣೆ."

ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಒಂದು ಮಾತಿನಲ್ಲಿ ಎಲ್ಲವೂ ಇದೆ. ನಾವು ಮಕ್ಕಳಿಗೆ ಸುಳ್ಳು ಹೇಳುವುದು ಮಕ್ಕಳನ್ನು ಕಾಪಾಡಲು ಅಲ್ಲ, ನಮ್ಮನ್ನು ಕಾಪಾಡಿಕೊಳ್ಳಲು. ಮಗುವಿನ ಪ್ರಶ್ನೆ, ಮಗುವಿನ ಅಳು ನಮಗೆ ಬೇಡ. ಅದಕ್ಕೆ 'ಪಾಪ, ಚಿಕ್ಕ ಮಗು' ಎಂಬ ಹೆಸರು ಕೊಟ್ಟು ಬಾಗಿಲು ಹಾಕಿಕೊಳ್ಳುತ್ತೇವೆ. ಒಳಗೆ ಮಗು ಒಂದೇ ಉಳಿಯುತ್ತದೆ.

ನಾವೆಲ್ಲ ಪುಣ್ಯಕೋಟಿಯ ಹಾಡು ಕೇಳಿ ಬೆಳೆದವರು. ಆ ಹಸು ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡಿತು ಎಂದು ಮಕ್ಕಳಿಗೆ ನೀತಿ ಹೇಳುತ್ತೇವೆ, ಪರೀಕ್ಷೆಯಲ್ಲಿ ಪ್ರಶ್ನೆ ಕೇಳುತ್ತೇವೆ. ಆದರೆ ನಡುವೆ ಆಕೆ ದೊಡ್ಡಿಗೆ ಬಂದಾಗ ಕರುವಿಗೆ ಏನು ಹೇಳಿದಳು ಎಂದು ಯಾವತ್ತಾದರೂ ಯೋಚಿಸಿದ್ದೀರಾ? 'ಊರಿಗೆ ಹೋಗಿ ಬರುತ್ತೇನೆ' ಎನ್ನಲಿಲ್ಲ. ಹೊಟ್ಟೆ ತುಂಬ ಹಾಲು ಕೊಟ್ಟಳು. ಹುಲಿಯ ಬಾಯಿಗೆ ಹೋಗುತ್ತಿದ್ದೇನೆ ಎಂದು ನಿಜವನ್ನೇ ಹೇಳಿದಳು. ಇನ್ನು ಮುಂದೆ ಯಾರ ಹತ್ತಿರ ಇರಲಿ ಎಂದು ಕರು ಕೇಳಿತು. ಅದಕ್ಕೂ ಉತ್ತರ ಕೊಟ್ಟಳು, ಜತೆಯ ಹಸುಗಳನ್ನು ಕರೆದು ಕರುವನ್ನು ಅವುಗಳ ಕೈಗೆ ಒಪ್ಪಿಸಿದಳು. ಹುಲಿಯ ಎದುರಿಗೆ ಸತ್ಯ ಹೇಳುವುದಕ್ಕೆ ಧೈರ್ಯ ಬೇಕು, ನಿಜ. ಕರುವಿನ ಎದುರಿಗೆ ಹೇಳುವುದಕ್ಕೆ ಅದಕ್ಕಿಂತ ಹೆಚ್ಚು ಬೇಕು. ನಾವು ಹಾಡಿನ ಆ ಅರ್ಧವನ್ನು ಮಕ್ಕಳಿಗೆ ಕಲಿಸುತ್ತೇವೆ, ನಾವು ಕಲಿಯಲಿಲ್ಲ.

ಕಠೋಪನಿಷತ್ತಿನ ನಚಿಕೇತ ಹುಡುಗನೇ. ಸತ್ತ ಮೇಲೆ ಏನು ಎಂದು ಯಮನನ್ನೇ ಕೇಳಿದ. ಯಮ ಮೊದಲು ಮಾಡಿದ್ದು ನಾವು ಮಾಡುವುದನ್ನೇ: ಆನೆ ಕೊಡುತ್ತೇನೆ, ಕುದುರೆ ಕೊಡುತ್ತೇನೆ, ಚಿನ್ನ ಕೊಡುತ್ತೇನೆ, ಇದೊಂದನ್ನು ಬಿಟ್ಟು ಬೇರೆ ಏನಾದರೂ ಕೇಳು ಎಂದ. ನಮ್ಮಲ್ಲಿ ಆನೆ ಕುದುರೆ ಇಲ್ಲ, ಚಾಕಲೇಟು ಮತ್ತು ಮೊಬೈಲು ಇವೆ. ಆದರೆ ಹುಡುಗ ಪಟ್ಟು ಬಿಡದಾಗ ಯಮ ಕೂತು ಉತ್ತರ ಹೇಳಿದ. ನಾವು ಯಮನಿಗಿಂತ ಕಡೆಯೇ?

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಅನುಭವಿಸಿದ ನಾನೇ ಟೀಚರಾಗಿ ಏನು ಮಾಡಿದೆ ಎಂಬುದು ನಿಮಗೂ ಗೊತ್ತಿರಲಿ. 2015ರಲ್ಲಿ ರಾಜ್ಯದ ತುಂಬ ರೈತರ ಆತ್ಮಹತ್ಯೆಯ ಸುದ್ದಿ. ಸರಕಾರ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿದ್ದು ಆ ವರ್ಷವೇ. ನಾನಾಗ ಅಜ್ಜಂಪುರದ ಕಡೆಯ ಹಳ್ಳಿಯ ಶಾಲೆಯಲ್ಲಿದ್ದೆ. ಬೋರ್‌ವೆಲ್ ಕೊರೆಸಿ ಕೊರೆಸಿ ಸಾಲ ಮೈಮೇಲೆ ಬಂದ ಊರುಗಳು. 2016ರ ಫೆಬ್ರವರಿ 10, ಜಂತುಹುಳು ನಿವಾರಣಾ ದಿನ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಿದ್ದೆವು. ನಾಲ್ಕನೆಯ ತರಗತಿಯ ಒಬ್ಬ ಹುಡುಗ ಬಾಯಿ ತೆರೆಯಲೊಲ್ಲ. "ಔಷಧಿ ಕಣೋ, ಅಗಿದು ನುಂಗು" ಎಂದೆ. ನಡುಗಲು ಶುರು ಮಾಡಿದ. "ಇಷ್ಟು ದೊಡ್ಡವನಾಗಿ ನಾಚಿಕೆ ಆಗಲ್ವಾ" ಎಂದು ಎಲ್ಲರ ಎದುರಿಗೆ ಗದರಿ ಕೈ ಹಿಡಿದೆ. ಕೈ ಕೊಸರಿಕೊಂಡು ಓಡಿಹೋದ.

ಸಂಜೆ ಅವನ ಮನೆಗೆ ಹೋದೆ. ತಾಯಿ ಸೆರಗು ಬಾಯಿಗೆ ಹಿಡಿದು ಹೇಳಿದಳು: ನಾಲ್ಕು ತಿಂಗಳಿಂದ ಕೆಮ್ಮಿನ ಸಿರಪ್ಪನ್ನೂ ಮುಟ್ಟಿಲ್ಲ. ನಾಲ್ಕು ತಿಂಗಳ ಹಿಂದೆ ಅವನ ಅಪ್ಪ ಹೊಲದಲ್ಲಿ ಕ್ರಿಮಿನಾಶಕ ಕುಡಿದು ಸತ್ತಿದ್ದ. ಮನೆಯಲ್ಲಿ ಹುಡುಗನಿಗೆ 'ಅಪ್ಪ ಬೆಂಗಳೂರಿಗೆ ಕೆಲಸಕ್ಕೆ ಹೋಗಿದಾನೆ' ಎಂದಿದ್ದರು. ಬೀದಿಯಲ್ಲಿ ಎಲ್ಲರೂ 'ಅವನಪ್ಪ ಔಷಧಿ ಕುಡಿದು ಸತ್ತ' ಎನ್ನುತ್ತಿದ್ದರು. ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷಕ್ಕೂ ಔಷಧಿ ಎಂದೇ ಹೆಸರು. ಮಗು ಎರಡನ್ನೂ ಕೂಡಿಸಿ ಲೆಕ್ಕ ಹಾಕಿತ್ತು: ಔಷಧಿ ಕುಡಿದರೆ ಸಾಯುತ್ತಾರೆ. ಆ ಮಗುವಿಗೆ ನಾನು ಹಠಮಾರಿ ಎಂದಿದ್ದೆ.

ತಾಯಿಯ ಒಪ್ಪಿಗೆ ಪಡೆದು ಅವಳ ಎದುರಿಗೇ ಹುಡುಗನಿಗೆ ಹೇಳಿದೆ. ಅಪ್ಪ ಬೆಂಗಳೂರಿನಲ್ಲಿಲ್ಲ, ಸತ್ತುಹೋಗಿದ್ದಾರೆ. ಅವರು ಕುಡಿದದ್ದು ಔಷಧಿಯಲ್ಲ, ವಿಷ. ಅದನ್ನು ಔಷಧಿ ಎಂದು ಕರೆಯುವುದು ನಮ್ಮ ತಪ್ಪು. ಅಪ್ಪನ ಮನಸ್ಸಿಗೆ ತುಂಬ ಕಷ್ಟವಾಗಿತ್ತು, ಯಾರನ್ನಾದರೂ ಸಹಾಯ ಕೇಳಬಹುದಿತ್ತು, ಅದು ಆಗ ಅವರಿಗೆ ಹೊಳೆಯಲಿಲ್ಲ. ಹುಡುಗ ಅಳಲಿಲ್ಲ. ತುಂಬ ಹೊತ್ತಿನ ಮೇಲೆ ಒಂದೇ ಮಾತು ಕೇಳಿದ: "ನಾನು ಬ್ಯಾಟ್ ಬೇಕು ಅಂತ ಹಠ ಮಾಡಿದ್ದಕ್ಕಾ ಮಿಸ್?"

ನಾಲ್ಕು ತಿಂಗಳು. ನಾಲ್ಕು ತಿಂಗಳು ಆ ಮಗು ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ ಆ ಪ್ರಶ್ನೆಯನ್ನು ಒಳಗೆ ಇಟ್ಟುಕೊಂಡು ತಿರುಗಿತ್ತು. ಕೇಳುವುದು ಯಾರನ್ನು? ಅಪ್ಪ ಬೆಂಗಳೂರಿನಲ್ಲಿದ್ದಾನಲ್ಲ! ನಮ್ಮ ಸುಳ್ಳು ಮಗುವಿನಿಂದ ದುಃಖವನ್ನು ತಪ್ಪಿಸಲಿಲ್ಲ. ಪ್ರಶ್ನೆ ಕೇಳುವ ದಾರಿಯನ್ನು ಮಾತ್ರ ಮುಚ್ಚಿತು.

ಕೊರೋನಾ ಬಂದ ಮೇಲೆ ಈ ದಾರಿ ಇನ್ನೂ ಮುಚ್ಚಿತು. 2021ರ ಏಪ್ರಿಲ್, ಮೇ ತಿಂಗಳನ್ನು ಯಾರು ಮರೆತಾರು? ಆಂಬುಲೆನ್ಸಿನಲ್ಲಿ ಹೋದವರು ಚೀಲದಲ್ಲಿ ಸುತ್ತಿಕೊಂಡು ನೇರವಾಗಿ ಸ್ಮಶಾನಕ್ಕೆ ಹೋದರು. ಹಾಲುತುಪ್ಪವಿಲ್ಲ, ತಿಥಿಗೆ ಜನವಿಲ್ಲ. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯ ಸರಕಾರ ಆ ಮೇ ತಿಂಗಳಲ್ಲಿ ಬಾಲಸೇವಾ ಯೋಜನೆಯಡಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಕೇಂದ್ರ ಸರಕಾರ ಇಪ್ಪತ್ತಮೂರು ವರ್ಷ ತುಂಬಿದಾಗ 10 ಲಕ್ಷ ಸಿಗುವಂತೆ ಮಾಡಿತು. ಒಳ್ಳೆಯ ಕೆಲಸ, ಬೇಡವೆನ್ನುವುದಿಲ್ಲ. ಹಣ ಸರಕಾರ ಕೊಡಬಹುದು. ಪಕ್ಕದಲ್ಲಿ ಕೂತು ಮಾತನಾಡುವುದು ನಮ್ಮ ಕೆಲಸ. ಅದನ್ನು ನಾವು ಮಾಡಿದೆವೇ?

ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು ಆ ವರ್ಷದ ಅಕ್ಟೋಬರ್ 25ರಂದು. ನಾಲ್ಕು ದಿನಕ್ಕೆ, 29ರ ಶುಕ್ರವಾರ, ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ನಲವತ್ತಾರು ವರ್ಷ. ಕಂಠೀರವ ಕ್ರೀಡಾಂಗಣದಲ್ಲಿ ಜನ ಸಾಲುಗಟ್ಟಿ ಮುಖ ನೋಡಿದ್ದನ್ನು ಟಿ.ವಿ.ಯಲ್ಲಿ ಮಕ್ಕಳೆಲ್ಲ ನೋಡಿದರು. ನವೆಂಬರ್ 1ರ ರಾಜ್ಯೋತ್ಸವದ ದಿನ ನಮ್ಮ ಶಾಲೆಯ ಮಕ್ಕಳು ಭುವನೇಶ್ವರಿಯ ಪಟದ ಪಕ್ಕ ಅಪ್ಪು ಪಟ ಇಟ್ಟು ಹೂ ಹಾಕಿದರು. ಐದನೆಯ ತರಗತಿಯ ಹುಡುಗಿಯೊಬ್ಬಳು ಬಿಕ್ಕಿ ಬಿಕ್ಕಿ ಅತ್ತಳು. ಅವಳ ಅಪ್ಪ ಮೇ ತಿಂಗಳಲ್ಲಿ ಕೊರೋನಾದಿಂದ ಹೋಗಿದ್ದರು. ಆಗ ಒಂದು ಹನಿ ಹಾಕಿರಲಿಲ್ಲವಂತೆ. 'ಗಟ್ಟಿ ಹುಡುಗಿ' ಎಂದು ಮನೆಯವರು ಹೊಗಳಿದ್ದರಂತೆ. ಪಕ್ಕಕ್ಕೆ ಕರೆದು ಕೂರಿಸಿಕೊಂಡೆ. "ಅಪ್ಪು ಮುಖ ಎಲ್ರಿಗೂ ತೋರಿಸಿದ್ರು ಮಿಸ್. ನಮ್ಮಪ್ಪನ ಮುಖ ನಂಗ್ಯಾಕೆ ತೋರಿಸ್ಲಿಲ್ಲ? ಅದರೊಳಗಿದ್ದಿದ್ದು ನಮ್ಮಪ್ಪನೇ ಅಂತ ಹೇಗೆ ಗೊತ್ತು?"

ಯಾರಿಗೆ ಗೊತ್ತೋ ಅವರಿಂದಲೇ ಹೇಳಿಸಬೇಕು ಎನ್ನಿಸಿತು. ಅಂದು ಆಸ್ಪತ್ರೆಗೆ ಹೋಗಿದ್ದ ಅವಳ ಚಿಕ್ಕಪ್ಪನನ್ನು ಶಾಲೆಗೆ ಕರೆಸಿದೆ. ಆತ ಮೊದಲು ಒಪ್ಪಲಿಲ್ಲ. ಆಮೇಲೆ ಅವಳ ಪಕ್ಕ ಬೆಂಚಿನ ಮೇಲೆ ಕೂತು, ಚೀಲ ಮುಚ್ಚುವ ಮೊದಲು ತಾನು ಅಣ್ಣನ ಮುಖ ನೋಡಿದ್ದು, ಗಡ್ಡ ಬೆಳೆದಿದ್ದು, ದೂರದಿಂದ ಕೈಮುಗಿದದ್ದು ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನೇ ಅತ್ತ. ಹುಡುಗಿ ಅವನ ಬೆನ್ನು ಸವರಿದಳು. ಅಷ್ಟೂ ತಿಂಗಳು ಆ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಬದುಕಿದ್ದರು.

'ನೀವು ಹೇಳುವುದು ಸುಲಭ, ನಾವು ದೇವರನ್ನು ನಂಬುವವರು' ಎಂದು ಕೆಲವರು ಅನ್ನುತ್ತಾರೆ. ನಾನೂ ನಂಬುವವಳೇ, ಸಂಜೆ ದೀಪ ಹಚ್ಚುವವಳೇ. ಆತ್ಮ, ಸ್ವರ್ಗ, ದೇವರ ಪಾದ ನಿಮ್ಮ ನಿಮ್ಮ ನಂಬಿಕೆಯಂತೆ ಹೇಳಿಕೊಳ್ಳಿ. ಆದರೆ ಅದನ್ನು ಎರಡನೆಯ ಮಾತಾಗಿ ಹೇಳಿ. ಮೊದಲನೆಯ ಮಾತು ದೇಹದ್ದು: ಸತ್ತರು ಎಂದರೆ ಉಸಿರಾಡುವುದಿಲ್ಲ, ನೋವಾಗುವುದಿಲ್ಲ, ಹಸಿವಾಗುವುದಿಲ್ಲ, ತಿರುಗಿ ಬರುವುದಿಲ್ಲ. ಐದು ವರ್ಷದೊಳಗಿನ ಮಗುವಿಗೆ 'ತಿರುಗಿ ಬರುವುದಿಲ್ಲ' ಎಂಬುದು ಒಂದೇ ಸಲಕ್ಕೆ ನಾಟುವುದಿಲ್ಲ. ಹತ್ತು ಸಲ ಕೇಳುತ್ತದೆ, ಹತ್ತು ಸಲವೂ ಅದೇ ಉತ್ತರ ಹೇಳಬೇಕು. ಏಳೆಂಟು ವರ್ಷದ ಹೊತ್ತಿಗೆ ತಿಳಿಯುತ್ತದೆ. ಆಗ 'ನೀನೂ ಸಾಯ್ತೀಯಾ ಅಮ್ಮ?' ಎಂದು ಕೇಳುತ್ತದೆ. 'ಎಲ್ಲರೂ ಒಂದು ದಿನ ಸಾಯಬೇಕು, ಆದರೆ ನಾನು ಬಹಳ ಕಾಲ ನಿನ್ನ ಜತೆ ಇರಬೇಕೆಂದಿದ್ದೇನೆ. ಏನೇ ಆದರೂ ನಿನ್ನನ್ನು ನೋಡಿಕೊಳ್ಳಲು ಇಂಥವರಿದ್ದಾರೆ' ಎಂದು ಹೆಸರು ಹಿಡಿದು ಹೇಳಿ. ಪುಣ್ಯಕೋಟಿ ಮಾಡಿದ್ದು ಅದನ್ನೇ.

ನಮ್ಮ ಹಿರಿಯರ ಪದ್ಧತಿಗಳಲ್ಲೂ ಎಲ್ಲವೂ ತಪ್ಪಲ್ಲ. ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಇಷ್ಟವಾದ ಅಡಿಗೆ ಮಾಡಿ ಎಡೆ ಇಡುತ್ತೇವಲ್ಲ, ಮಕ್ಕಳ ದುಃಖಕ್ಕೆ ಅದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ. 'ಅಪ್ಪನಿಗೆ ಏನು ಇಷ್ಟವಿತ್ತು, ನೀನೇ ಹೇಳು' ಎಂದು ಮಗುವನ್ನು ಕೇಳಿ, ಅದರ ಕೈಯಿಂದಲೇ ಬಡಿಸಿಸಿ. ಹೆಸರು ಬಾಯಿಯಲ್ಲಿ ಬರಲಿ, ಫೋಟೋ ಗೋಡೆಯ ಮೇಲಿರಲಿ. ಕಿತ್ತೊಗೆಯಬೇಕಾದ್ದು ಬೇರೆ ಇದೆ. 'ಇವಳ ಕಾಲ್ಗುಣ, ಹುಟ್ಟಿದ್ದೇ ಅಪ್ಪನನ್ನು ನುಂಗಿಕೊಂಡಳು' ಎನ್ನುವ ನಾಲಿಗೆ. ಹತ್ತು ವರ್ಷದ ಹುಡುಗನಿಗೆ 'ಗಂಡಸು ಅಳಬಾರದು, ಇನ್ನು ನೀನೇ ಯಜಮಾನ' ಎನ್ನುವ ಉಪದೇಶ. ತಾಯಿ ಸತ್ತ ಹುಡುಗಿಗೆ 'ಇನ್ನು ತಮ್ಮಂದಿರಿಗೆ ನೀನೇ ಅಮ್ಮ' ಎಂದು ಸೌಟು ಕೈಗಿಡುವ ಅನ್ಯಾಯ. ಈ ಮಾತುಗಳನ್ನು ಸಾವಿನ ಮನೆಯಲ್ಲಿ ಆಡುವವರು ಹೆಚ್ಚಾಗಿ ಹೆಂಗಸರೇ, ನಾವೇ. ನಿಲ್ಲಿಸಬೇಕಾದವರೂ ನಾವೇ.

ನಮ್ಮ ಶಾಲೆಗಳ ಹಣೆಬರಹವನ್ನೂ ಹೇಳಬೇಕು. ಬಿ.ಎಡ್.ನಲ್ಲಿ ನಮಗೆ ಪಿಯಾಜೆಯ ಹಂತಗಳನ್ನು ಬಾಯಿಪಾಠ ಮಾಡಿಸಿದರು. ಅಪ್ಪ ಸತ್ತು ಹನ್ನೆರಡು ದಿನಕ್ಕೆ ತರಗತಿಗೆ ಬಂದ ಮಗುವಿನ ಹತ್ತಿರ ಏನು ಮಾತಾಡಬೇಕೆಂದು ಯಾರೂ ಕಲಿಸಲಿಲ್ಲ. ಆ ಮಗುವಿಗೆ ನಾವು ಹೇಳುವ ಮೊದಲ ಮಾತು, 'ಪ್ರಗತಿ ಪತ್ರಕ್ಕೆ ತಂದೆಯ ಸಹಿ ಹಾಕಿಸಿಕೊಂಡು ಬಾ.' ವಿದ್ಯಾರ್ಥಿವೇತನಕ್ಕೆಂದು ಮರಣ ಪ್ರಮಾಣಪತ್ರವನ್ನು ಮಗುವಿನ ಚೀಲದಲ್ಲೇ ಕಳಿಸುವ ಮನೆಗಳಿವೆ. ಊರಿಗೆ ಹೋಗಿದ್ದಾರೆ ಎಂದು ಹೇಳಿದವರು, ಆ ಮಗುವಿಗೆ ಅಷ್ಟರಲ್ಲಿ ಓದಲು ಬರುತ್ತದೆ ಎಂಬುದನ್ನು ಮರೆತಿರುತ್ತಾರೆ.

ಅಮ್ಮಂದಿರೇ, ಮನೆಯಲ್ಲಿ ಸಾವಾದರೆ ದಯವಿಟ್ಟು ಟೀಚರಿಗೆ ಒಂದು ಮಾತು ತಿಳಿಸಿ. ಮಗು ಈಗ ಅತ್ತು ಮರುಗಳಿಗೆ ಆಟಕ್ಕೆ ಓಡಿದರೆ 'ಇದಕ್ಕೆ ದುಃಖವೇ ಇಲ್ಲ' ಎನ್ನಬೇಡಿ. ಮಕ್ಕಳು ದುಃಖವನ್ನು ತುತ್ತು ತುತ್ತಾಗಿ ಉಣ್ಣುತ್ತವೆ. ಹಾಸಿಗೆ ಒದ್ದೆ ಮಾಡಿದರೆ, ಹೊಟ್ಟೆನೋವೆಂದರೆ ಹೊಡೆಯಬೇಡಿ. 'ನಿನ್ನಿಂದ ಆದದ್ದಲ್ಲ' ಎಂದು ಅದು ಕೇಳದಿದ್ದರೂ ಹೇಳಿ. ಮುಖ ನೋಡಬೇಕೆಂದರೆ ಹೇಗಿರುತ್ತದೆಂದು ಮೊದಲೇ ಹೇಳಿ ಕೈ ಹಿಡಿದು ಕರೆದೊಯ್ಯಿರಿ, ಬೇಡವೆಂದರೆ ಎಳೆಯಬೇಡಿ. ತಿಂಗಳುಗಟ್ಟಲೆ ಊಟ ನಿದ್ದೆ ಬಿಟ್ಟರೆ, 'ನಾನೂ ಅಪ್ಪನ ಹತ್ತಿರ ಹೋಗ್ತೀನಿ' ಎಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ಟೆಲಿ ಮಾನಸ್ ಎಂದು 2022ರಿಂದ ಒಂದು ದೂರವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಕ್ಕಳ ಸಹಾಯವಾಣಿ 1098. ಬರೆದಿಟ್ಟುಕೊಳ್ಳಿ.

ಇನ್ನು ಆ ಎದುರು ಮನೆಯ ಮಗು. ಅವತ್ತು ನಾನು ಅದಕ್ಕೆ, "ಅಮ್ಮನ್ನೇ ಕೇಳಿಕೊಂಡು ಬರ್ತೀನಿ, ಇಲ್ಲೇ ಇರು" ಎಂದು ಹೇಳಿ ರಸ್ತೆ ದಾಟಿದೆ. ತಾಯಿಯ ಕಿವಿಯಲ್ಲಿ ಕೇಳಿದೆ. ಅವಳು ತಲೆಯಾಡಿಸಿದಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಪ್ಪ ಊರಿಗೆ ಹೋಗಿಲ್ಲ, ಅವರ ಹೃದಯ ನಿಂತುಹೋಯಿತು, ಡಾಕ್ಟರು ಎಷ್ಟು ಪ್ರಯತ್ನ ಮಾಡಿದರೂ ಆಗಲಿಲ್ಲ, ಸತ್ತುಹೋದರು ಎಂದು ಹೇಳಿದೆ. ನೋಡಬೇಕು ಎಂದಿತು. ಕರೆದುಕೊಂಡು ಬಂದೆ. ಒಂದು ಸೇವಂತಿಗೆ ಹೂ ಇಟ್ಟಿತು. ಕಾಲಿನ ಕಡೆಯ ಬಟ್ಟೆ ಸರಿದಿದ್ದನ್ನು ಎಳೆದು ಮುಚ್ಚಿ, "ಚಳಿ ಆಗಲ್ವಾ ಮಿಸ್?" ಎಂದಿತು. "ಇಲ್ಲ ಪುಟ್ಟಿ, ಸತ್ತ ಮೇಲೆ ಚಳಿ ಆಗಲ್ಲ" ಎಂದೆ. ಆಮೇಲೆ ಹೋಗಿ ಅಮ್ಮನ ಮಡಿಲಲ್ಲಿ ಕೂತು ಅಳತೊಡಗಿತು. ತಾಯಿಯನ್ನು ಹಿಡಿದುಕೊಂಡಿದ್ದ ಹೆಂಗಸರು ಕೈ ಬಿಟ್ಟರು. ಹಿಡಿಯುವ ಅಗತ್ಯ ಇರಲಿಲ್ಲ, ಅವಳು ಮಗಳನ್ನು ಹಿಡಿದುಕೊಂಡಿದ್ದಳು.

'ಕಲ್ಲೆದೆ ಟೀಚರ್' ಎಂದು ಬೀದಿಯಲ್ಲಿ ಒಂದು ವಾರ ನನ್ನನ್ನು ಆಡಿಕೊಂಡರು. ಆಡಿಕೊಳ್ಳಲಿ. ಆ ಮಗು ಮಾತ್ರ ಯಾವ ರೈಲು ನಿಲ್ದಾಣದಲ್ಲೂ ಯಾರಿಗಾಗಿಯೂ ಕಾಯುತ್ತ ನಿಂತಿಲ್ಲ.